ಸೋಲುವವನಿಗೆ ಹಾಕಿದ ಮತ



ಮತದಾನದ ದಿನ ಬೆಳಕು ಹರಿಯುವ ಹೊತ್ತಿಗೆ, ಮತದಾರರು ಸಾಲುಗೂಡುವುದಕ್ಕೆ ಮುಂಚೆ, ಪ್ರತಿಯೊಂದು ಮತಗಟ್ಟೆಯಲ್ಲಿಯೂ ಒಂದು ಅಣಕು ಮತದಾನ ನಡೆಯುವುದುಂಟು. ಯಂತ್ರ ಸರಿಯಾಗಿರುವುದೋ ಇಲ್ಲವೋ ಎಂದು ಪರೀಕ್ಷಿಸುವ ಸಲುವಾಗಿ ಕಡಮೆಯೆಂದರೂ 50 ಮತಗಳನ್ನು ಒತ್ತಿ, ಎಣಿಸಿ, ಏಜೆಂಟರಿಗೆ ತೋರಿಸಿ, ಅಳಿಸಿಬಿಡಬೇಕೆಂಬುದು ನಿಯಮ. ಪಟ್ಟಿಯಲ್ಲಿರುವ ಒಬ್ಬ ಉಮೇದುವಾರನನ್ನೂ ಬಿಡುವಂತಿಲ್ಲ. ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ನಾನು ಈ ಕೆಲಸವನ್ನು ಹಲವು ಚುನಾವಣೆಗಳಲ್ಲಿ ಮಾಡಿದ್ದೇನೆ. ಮಂತ್ರಿಪದವಿಯನ್ನು ಅನುಭವಿಸಿದವನಿಗೂ, ಪಟ್ಟಿಯ ಬುಡದಲ್ಲಿ ಯಾವುದೋ ಚಿಹ್ನೆಯನ್ನು ಹಿಡಿದು ನಿಂತ, ಊರಿಗೇ ಅಪರಿಚಿತನಾದ ಪಕ್ಷೇತರನಿಗೂ ಆ ಗಳಿಗೆಯಲ್ಲಿ ಸಮಸಮವಾಗಿ ಮತಗಳು ಬೀಳುತ್ತವೆ. ಆಮೇಲೆ ಅವನ್ನು ಅಳಿಸುತ್ತೇವೆ. ಗಂಟೆ ಏಳು ಹೊಡೆದು ನಿಜವಾದ ಮತದಾನ ಆರಂಭವಾಗುತ್ತದೆ. ಆ ಸಮಾನತೆ ಮತ್ತೆ ಆ ದಿನ ಕಣ್ಣಿಗೆ ಬೀಳುವುದಿಲ್ಲ.

ಸಂಜೆ ಚಲಾವಣೆಯಾದ ಮತಗಳ ಲೆಕ್ಕವನ್ನು 17ಸಿ ನಮೂನೆಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡಬೇಕು. ದೊಡ್ಡ ಪಕ್ಷಗಳವರು ಕೈಯೊಡ್ಡಿ ಪಡೆದು ಹೋಗುತ್ತಾರೆ. ಸಣ್ಣ ಉಮೇದುವಾರನ ಪ್ರತಿಯನ್ನು ಕೇಳಲು ಯಾರೂ ಬರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವನ ಪರವಾಗಿ ಕುಳಿತುಕೊಳ್ಳುವ ಒಬ್ಬನಿಗೆ ಕೂಲಿ ಕೊಡುವ ಶಕ್ತಿ ಅವನಿಗಿಲ್ಲ.

ಸರ್ಕಾರದ ಸಂಬಳ ಉಣ್ಣುವ ನಾನು ಇಂಥವರಿಗೆ ಮತ ಹಾಕಿರೆಂದು ಹೇಳತಕ್ಕವನಲ್ಲ. ಈ ಪುಸ್ತಿಕೆಯಲ್ಲಿ ಹೇಳುವುದೂ ಇಲ್ಲ. ಆದರೆ ಪ್ರತಿಯೊಂದು ಚುನಾವಣೆಯ ಮುನ್ನಾ ವಾರದಲ್ಲಿ ಶಾಲೆಯ ಕಟ್ಟೆಗೆ ಬಂದು ಕುಳಿತವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಮಾಸ್ತರೇ, ಗೆಲ್ಲಲಾರದವನಿಗೆ ಹಾಕಿದ ಮತ ಹಾಳಲ್ಲವೇ?” ಹಾಳಲ್ಲ ಎಂಬುದು ನನ್ನ ಉತ್ತರ. ಕಾರಣಗಳನ್ನು ಹೇಳುತ್ತೇನೆ, ಕೇಳೋಣವಾಗಲಿ.

ಈ ಪ್ರಶ್ನೆ ಉಳಿದವರಿಗಿಂತ ನಮಗೆ ಹೆಚ್ಚು ಸಂಬಂಧಪಟ್ಟದ್ದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಕಲಬುರ್ಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳನ್ನು ಆಂಧ್ರಪ್ರದೇಶಕ್ಕೆ ಸೇರಿಸಿದರು. ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲ್ಲೂಕು, ಜಹೀರಾಬಾದ ತಾಲ್ಲೂಕಿನ ಬಹುಭಾಗ, ನ್ಯಾಲಕಲ್ ವಲಯ, ಇಷ್ಟೂ ಅತ್ತ ಹೋದುವು. ಮುಂದೆ ನೇಮಕವಾದ ಮಹಾಜನ ಆಯೋಗ ಮಹಾರಾಷ್ಟ್ರ, ಮೈಸೂರು, ಕೇರಳಗಳ ಗಡಿಯನ್ನಷ್ಟೇ ವಿಚಾರಿಸಿತು. ನಮ್ಮ ಕಡೆಯ ಗಡಿ ಅದರ ವಿಚಾರಣೆಗೆ ಒಳಪಡಲೇ ಇಲ್ಲ. ಇಂದು ತಾಂಡೂರಿನವರು ಚೇವೆಳ್ಳ ಲೋಕಸಭಾ ಕ್ಷೇತ್ರದವರು, ನಾರಾಯಣಖೇಡದವರೂ ಜಹೀರಾಬಾದದವರೂ ಜಹೀರಾಬಾದ ಕ್ಷೇತ್ರದವರು. ಯಾವುದೊಂದರಲ್ಲಿಯೂ ನಾವು ಬಹುಸಂಖ್ಯೆಯವರಲ್ಲ. ಆದುದರಿಂದ ನಮ್ಮ ಮಾತನ್ನೇ ಮುಖ್ಯವಾಗಿ ಹಿಡಿದು ನಿಲ್ಲುವ ಉಮೇದುವಾರ ಯಾವಾಗಲೂ ಸಣ್ಣ ಉಮೇದುವಾರನೇ ಆಗಿರಬೇಕಾಗುತ್ತದೆ. ಅವನ ದಾರಿಯಲ್ಲಿ ಇಟ್ಟ ಕಲ್ಲು ನಮ್ಮ ದಾರಿಯಲ್ಲಿ ಇಟ್ಟ ಕಲ್ಲು.

ಮೊದಲನೆಯ ಕಲ್ಲು ಠೇವಣಿ. 1951ರ ಪ್ರಜಾಪ್ರತಿನಿಧಿ ಕಾಯಿದೆಯಲ್ಲಿ ಲೋಕಸಭೆಗೆ 500 ರೂಪಾಯಿ, ವಿಧಾನಸಭೆಗೆ 250 ರೂಪಾಯಿ ಎಂದಿತ್ತು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಅರ್ಧ. ಆ ಕಾಲಕ್ಕೆ ಇದು ಅಲ್ಪ ಮೊತ್ತವಾಗಿರಲಿಲ್ಲ. ಹಳ್ಳಿಯ ಮಾಸ್ತರನ ಹಲವು ತಿಂಗಳ ಸಂಬಳ. ಆದರೆ 45 ವರ್ಷಗಳ ಕಾಲ ಅದನ್ನು ಮುಟ್ಟದೆ ಬಿಟ್ಟುದರಿಂದ ಬೆಲೆಗಳು ಏರಿದಂತೆಲ್ಲ ಅದರ ಭಾರ ತಾನಾಗಿಯೇ ಇಳಿಯಿತು. ಹಾಗೆ ಇಳಿದಾಗ ಏನಾಯಿತೆಂಬುದನ್ನು 1996ರ ಬೇಸಗೆಯಲ್ಲಿ ದೇಶವೆಲ್ಲ ಕಂಡಿತು.

ಆ ವರ್ಷ ನಲ್ಗೊಂಡ ಲೋಕಸಭಾ ಕ್ಷೇತ್ರದಲ್ಲಿ 480 ಮಂದಿ ಕಣದಲ್ಲಿದ್ದರು. ಆ ಜಿಲ್ಲೆಯ ಬಾವಿಗಳಲ್ಲಿ ಫ್ಲೋರೈಡ್ ತುಂಬಿದ ನೀರು. ಅದನ್ನು ಕುಡಿದು ಮಕ್ಕಳ ಕಾಲು ಸೊಟ್ಟಗಾಗುತ್ತಿದ್ದುವು, ಪ್ರಾಯದವರ ಬೆನ್ನು ಬಾಗುತ್ತಿತ್ತು. ದುಶರ್ಲ ಸತ್ಯನಾರಾಯಣ ಎಂಬವರ ಜಲಸಾಧನ ಸಮಿತಿ ಅರ್ಜಿ, ಧರಣಿ, ಪಾದಯಾತ್ರೆಗಳ ತರುವಾಯ ಚುನಾವಣೆಯನ್ನೇ ಅರ್ಜಿಯನ್ನಾಗಿ ಮಾಡಿಕೊಂಡಿತು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರ ಅಸಮಾಧಾನದಿಂದ ನಿಂತವರ ಸಂಖ್ಯೆ 1033ಕ್ಕೆ ಮುಟ್ಟಿತು. ಅಲ್ಲಿ ಮತಪತ್ರ ಪುಸ್ತಕದ ರೂಪ ತಾಳಿತು. ನಮ್ಮ ಬೆಳಗಾವಿಯಲ್ಲಿ 456 ಮಂದಿ. ಇದನ್ನು ಮಾಡಿಸಿದವರು ಮಹಾರಾಷ್ಟ್ರ ಏಕೀಕರಣ ಸಮಿತಿಯವರು. ಅವರ ಗುರಿ ನಮಗೆ ಎಂದಿಗೂ ಸಮ್ಮತವಲ್ಲ, ಆ ವಿಷಯದಲ್ಲಿ ಮಾತು ಬೆಳೆಸಬೇಕಾಗಿಲ್ಲ. ಆದರೆ ದಿಲ್ಲಿಯವರು ತಮ್ಮ ಕಡೆ ತಿರುಗಿ ನೋಡುವಂತೆ ಮಾಡುವ ಬಗೆ ಎದುರಾಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನು?

ದೇಶದಾದ್ಯಂತ ಆ ಲೋಕಸಭಾ ಚುನಾವಣೆಗೆ ನಿಂತವರು 13,952. ಇಷ್ಟು ಜನ ಏತಕ್ಕೆ ನಿಂತರು, ಅವರ ದುಃಖವೇನು ಎಂದು ಕೇಳುವುದು ಒಂದು ಮಾರ್ಗವಾಗಿತ್ತು. ಮತಪತ್ರ ಉದ್ದವಾಯಿತು, ಬಾಗಿಲನ್ನು ಕಿರಿದುಮಾಡೋಣ ಎನ್ನುವುದು ಇನ್ನೊಂದು. ಪಾರ್ಲಿಮೆಂಟು ಎರಡನೆಯದನ್ನು ಆರಿಸಿಕೊಂಡಿತು. ಅದೇ 1996ರ ತಿದ್ದುಪಡಿಯಿಂದ ಠೇವಣಿ ಲೋಕಸಭೆಗೆ 10,000, ವಿಧಾನಸಭೆಗೆ 5,000 ಆಯಿತು, ಅಂದರೆ ಒಂದೇ ಏಟಿಗೆ ಇಪ್ಪತ್ತು ಪಟ್ಟು. 1998ರ ಲೋಕಸಭಾ ಚುನಾವಣೆಯಲ್ಲಿ ನಿಂತವರ ಸಂಖ್ಯೆ 4,750ಕ್ಕೆ ಇಳಿಯಿತು. ನಲ್ಗೊಂಡದ ನೀರು ಅದೇ ನೀರಾಗಿತ್ತು, ನೀರಿನ ಮಾತು ಹೇಳುವವರು ಮಾತ್ರ ಕಡಮೆಯಾದರು. 2009ರಲ್ಲಿ ಮತ್ತೊಮ್ಮೆ ತಿದ್ದಿದರು. ಇಂದು ಲೋಕಸಭೆಗೆ 25,000, ವಿಧಾನಸಭೆಗೆ 10,000.

ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಈ ಹಣ ಸರ್ಕಾರಕ್ಕೆ ಜಪ್ತಿ. ಠೇವಣಿಯ ಪದ್ಧತಿಯನ್ನು ನಾವು ಕಲಿತದ್ದು ಇಂಗ್ಲೆಂಡಿನಿಂದ. ಆ ದೇಶದಲ್ಲಿ 1985ರಲ್ಲಿ ಮೊತ್ತವನ್ನು 150 ಪೌಂಡಿನಿಂದ 500ಕ್ಕೆ ಏರಿಸಿದರು, ನಿಜ. ಆದರೆ ಹಣ ಮರಳಿ ಬರಲು ಬೇಕಾದ ಮತವನ್ನು ಎಂಟನೆಯ ಒಂದು ಭಾಗದಿಂದ ನೂರಕ್ಕೆ ಐದಕ್ಕೆ ಇಳಿಸಿದರು. ಗುರುಗಳು ಪಾಠವನ್ನು ತಿದ್ದಿಕೊಂಡರು. ಶಿಷ್ಯರು ಹಳೆಯ ಪಾಠವನ್ನೇ ಹೆಚ್ಚು ಗಟ್ಟಿಯಾಗಿ ಒಪ್ಪಿಸುತ್ತಿದ್ದಾರೆ!

ಅದೇ 1996ರ ತಿದ್ದುಪಡಿಯಲ್ಲಿ ಜನರ ಗಮನಕ್ಕೆ ಬಾರದ ಇನ್ನೆರಡು ಮಾತುಗಳುಂಟು. ಮಾನ್ಯತೆ ಪಡೆದ ಪಕ್ಷದ ಉಮೇದುವಾರನಿಗೆ ಒಬ್ಬ ಸೂಚಕ ಸಾಕು. ಉಳಿದವರಿಗೆ ಹತ್ತು ಮಂದಿ ಸೂಚಕರು ಬೇಕು, ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಎರಡನೆಯದು: ಮಾನ್ಯತೆ ಪಡೆದ ಪಕ್ಷದ ಉಮೇದುವಾರ ಮತದಾನಕ್ಕೆ ಮುಂಚೆ ತೀರಿಕೊಂಡರೆ ಮತದಾನವನ್ನು ಮುಂದೂಡುತ್ತಾರೆ, ಪಕ್ಷೇತರ ತೀರಿಕೊಂಡರೆ ಮುಂದೂಡುವುದಿಲ್ಲ. ಚುನಾವಣೆಯನ್ನು ನಿಲ್ಲಿಸುವ ದುರುದ್ದೇಶದಿಂದ ಪಕ್ಷೇತರರನ್ನು ಕೊಲ್ಲಬಾರದೆಂಬ ಕಾರಣವನ್ನು ಇದಕ್ಕೆ ಕೊಟ್ಟರು. ಕಾರಣ ಯುಕ್ತವಾದುದೇ. ಆದರೂ ಸಾವಿನಲ್ಲಿಯೂ ಎರಡು ಪಂಕ್ತಿ ಎಂಬುದನ್ನು ಓದಿದಾಗ ನನ್ನ ಮನಸ್ಸು ಕಹಿಯಾಯಿತು.

ಗಡಿಯಲ್ಲಿರುವ ನಮಗೆ ಹತ್ತು ಸೂಚಕರ ನಿಯಮದಲ್ಲಿ ಒಂದು ವಿಶೇಷವಾದ ತೊಡಕುಂಟು. ನಮ್ಮ ಬೀಗರು, ದಾಯಾದಿಗಳು, ಸಂತೆಯ ಗೆಳೆಯರು ಅರ್ಧಪಾಲು ಚಿಂಚೋಳಿ, ಸೇಡಂ ಕಡೆಯವರು. ನಮಗಾಗಿ ಎದೆಗೊಟ್ಟು ನಿಲ್ಲುವವರು ಅವರೇ. ಆದರೆ ಅವರ ಮತ ಗಡಿಯ ಆಚೆಗಿದೆ. ಅವರ ರುಜುವಿಗೆ ಇಲ್ಲಿ ಬೆಲೆಯಿಲ್ಲ.

ಮಿಕ್ಕ ಕಲ್ಲುಗಳನ್ನು ಬೇಗನೆ ದಾಟುತ್ತೇನೆ. ದೊಡ್ಡ ಪಕ್ಷದ ಚಿಹ್ನೆ ಗೋಡೆಯ ಮೇಲೆ ವರ್ಷವಿಡೀ ಇರುತ್ತದೆ. ಸಣ್ಣವನಿಗೆ ಚಿಹ್ನೆ ದೊರೆಯುವುದು ಉಮೇದುವಾರಿಕೆ ಹಿಂತೆಗೆದುಕೊಳ್ಳುವ ದಿನ ಕಳೆದ ಮೇಲೆ. ಅಲ್ಲಿಂದ ಮತದಾನಕ್ಕೆ ಕಾಯಿದೆ ಕೊಡುವ ಕನಿಷ್ಠ ಅವಧಿ 14 ದಿನ. ಮತದಾರರ ಪಟ್ಟಿಯ ಪ್ರತಿ ಮಾನ್ಯತೆ ಪಡೆದ ಪಕ್ಷಗಳ ಉಮೇದುವಾರರಿಗೆ ಪುಕ್ಕಟೆ. ಉಳಿದವರು ಹಣ ಕೊಟ್ಟು ಕೊಳ್ಳಬೇಕು. ಅಂದರೆ ಇದ್ದವನಿಗೆ ದಾನ, ಇಲ್ಲದವನಿಗೆ ಕ್ರಯ. ಪ್ರಮಾಣಪತ್ರದಲ್ಲಿ ಒಂದು ಕಲಂ ಖಾಲಿ ಬಿಟ್ಟು, ತುಂಬೆಂದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕಾರಕ್ಕೆ ಯೋಗ್ಯವೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ದೊಡ್ಡವರಿಗೆ ಅದನ್ನು ತುಂಬಲು ವಕೀಲರಿದ್ದಾರೆ. ಸಣ್ಣವನಿಗೆ ಊರ ಮಾಸ್ತರನಿದ್ದಾನೆ, ಆ ಮಾಸ್ತರನಿಗೆ ಅದನ್ನು ತುಂಬಿಕೊಡುವ ಸ್ವಾತಂತ್ರ್ಯವಿಲ್ಲ. ಮತಪತ್ರದಲ್ಲಿಯೂ ಮೊದಲು ಮಾನ್ಯ ಪಕ್ಷಗಳವರು, ಆಮೇಲೆ ನೋಂದಾಯಿತ ಪಕ್ಷಗಳವರು, ಕಟ್ಟಕಡೆಗೆ ಪಕ್ಷೇತರರು.

ಸಿಕ್ಕಿದ ಚಿಹ್ನೆಯಾದರೂ ಕೈಯಲ್ಲಿ ಉಳಿಯುವುದೆಂಬ ಭರವಸೆಯಿಲ್ಲ. 2022ರಲ್ಲಿ ನಮ್ಮ ರಾಜ್ಯದ ಮುನುಗೋಡು ಉಪಚುನಾವಣೆಯಲ್ಲಿ 47 ಮಂದಿ ಕಣದಲ್ಲಿದ್ದರು. ಯುಗತುಳಸಿ ಪಕ್ಷವೆಂಬ ಸಣ್ಣ ಪಕ್ಷದ ಉಮೇದುವಾರನಿಗೆ ರೋಡ್ ರೋಲರ್ ಚಿಹ್ನೆ ಬಂದಿತ್ತು. ಆಗ ರಾಜ್ಯವನ್ನು ಆಳುತ್ತಿದ್ದ ಪಕ್ಷದ ಚಿಹ್ನೆ ಕಾರು. ರೋಡ್ ರೋಲರ್ ಅದನ್ನು ಹೋಲುತ್ತದೆಂದು ಆ ಪಕ್ಷದವರ ಆಕ್ಷೇಪಣೆ. ಕೊಟ್ಟ ಚಿಹ್ನೆಯನ್ನು ಅಧಿಕಾರಿ ಬದಲಾಯಿಸಿಬಿಟ್ಟರು. ಚುನಾವಣಾ ಆಯೋಗ ಮಧ್ಯೆ ಪ್ರವೇಶಿಸಿ ಚಿಹ್ನೆಯನ್ನು ಮರಳಿ ಕೊಡಿಸಿ, ಆ ಅಧಿಕಾರಿಯ ಮೇಲೆ ಕ್ರಮ ಕೈಗೊಂಡಿತು. ಆಯೋಗ ಮಾಡಿದ್ದು ನ್ಯಾಯವೇ. ಆದರೆ ಪ್ರಚಾರಕ್ಕೆ ದಿನಗಳನ್ನು ಎಣಿಸಿ ಕೊಟ್ಟಿರುವಾಗ ಚಿಹ್ನೆಯ ಜಗಳದಲ್ಲಿ ಕಳೆದ ದಿನಗಳನ್ನು ಯಾರು ಮರಳಿ ಕೊಡುತ್ತಾರೆ?

ಇಷ್ಟೂ ಸಾಲದೆಂಬಂತೆ, ಪಕ್ಷೇತರರು ಸ್ಪರ್ಧಿಸುವುದನ್ನೇ ನಿಷೇಧಿಸಬೇಕೆಂದು ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಶಿಫಾರಸು ಮಾಡಿತು. 1957ರ ಲೋಕಸಭೆಗೆ 42 ಮಂದಿ ಪಕ್ಷೇತರರು ಗೆದ್ದು ಹೋಗಿದ್ದರು. 2024ರಲ್ಲಿ ಗೆದ್ದವರು 7 ಮಂದಿ. ಏಳು ಮಂದಿಯಿಂದಲೂ ಅಷ್ಟು ಕಿರುಕುಳವೇ?

ಕಿರುಕುಳವೆನ್ನುವವರ ವಾದವನ್ನೂ ಕೇಳಬೇಕು. ಹೆಸರು ಹೋಲುವವರು ನಿಂತು ಮತದಾರನನ್ನು ಗೊಂದಲಕ್ಕೆ ಕೆಡಹುತ್ತಾರೆ ಎನ್ನುತ್ತಾರೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಷ್ ಅವರ ಜೊತೆಗೆ ಇನ್ನೂ ಮೂವರು ಸುಮಲತಾ ಎಂಬವರಿದ್ದರು. ಆದರೂ ಮತದಾರರು ತಮಗೆ ಬೇಕಾದ ಸುಮಲತಾ ಯಾರೆಂಬುದನ್ನು ಗುರುತಿಸಿ ಗೆಲ್ಲಿಸಿದರು. ಗೊಂದಲಕ್ಕೆ ಮದ್ದಾಗಿ 2015ರಿಂದ ಉಮೇದುವಾರರ ಭಾವಚಿತ್ರವನ್ನೇ ಮತಪತ್ರದಲ್ಲಿ ಅಚ್ಚುಹಾಕುತ್ತಿದ್ದಾರೆ. ಮದ್ದು ಅದು. ಬಾಗಿಲಿಗೆ ಬೆಲೆ ಕಟ್ಟುವುದು ಮದ್ದಲ್ಲ. ಬಾಗಿಲ ಬೆಲೆ ಏರಿದಾಗ ಹಿಂದಿರುಗುವವನು ಬಡವ; ಹಣವಂತನು ನಿಲ್ಲಿಸಿದ ಗೊಂಬೆ ಹಣ ಕಟ್ಟಿ ಒಳಗೆ ಬರುತ್ತದೆ. ಇನ್ನು ನಗೆಪಾಟಲಿನ ಮಾತು. ನಮ್ಮ ಕನ್ನಡ ನಾಡಿನವರೇ ಆದ ಹೊಟ್ಟೆ ಪಕ್ಷದ ರಂಗಸ್ವಾಮಿಯವರು 86 ಚುನಾವಣೆಗಳಲ್ಲಿ ನಿಂತು ಒಂದರಲ್ಲಿಯೂ ಗೆಲ್ಲದೆ 2007ರಲ್ಲಿ ತೀರಿಕೊಂಡರು. ಜನ ನಕ್ಕರು, ಪತ್ರಿಕೆಗಳೂ ನಕ್ಕುವು. ಆದರೆ ಹಸಿದವನ ಹೊಟ್ಟೆಯನ್ನೇ ಪಕ್ಷದ ಹೆಸರಾಗಿ ಇಟ್ಟುಕೊಂಡವರು ಬೇರೆ ಯಾರಿದ್ದರು?

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಾಯಿದೆಗೂ ಸಲ್ಲುತ್ತದೆ. ಆದರೆ ಎಲ್ಲ ಕಲ್ಲುಗಳನ್ನೂ ಕಾಯಿದೆಯ ಮೇಲೆ ಹೊರಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಒಂದು ಕಲ್ಲು ನಾನೇ.

2018ರ ವಿಧಾನಸಭಾ ಚುನಾವಣೆಯ ಕಾಲ. ಪರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಮನೆಗೆ ಬಂದ. ಚುನಾವಣೆಗೆ ನಿಲ್ಲುತ್ತೇನೆಂದ. ಅವನ ಬೇಡಿಕೆ ಎರಡೇ: ಕಲ್ಲು ಕೊರೆಯುವವರ ಎದೆಗೆ ಇಳಿಯುವ ಧೂಳಿನ ವಿಚಾರ ಒಂದು, ನಮ್ಮ ಮಕ್ಕಳು ಮೊದಲನೆಯ ತರಗತಿಯ ಅಕ್ಷರವನ್ನು ತಾಯಿನುಡಿಯಲ್ಲಿ ಕಲಿಯುವ ವಿಚಾರ ಇನ್ನೊಂದು. ಎರಡನೆಯದಕ್ಕೆ ಸಂವಿಧಾನದ 350ಎ ವಿಧಿಯ ಆಧಾರವುಂಟೆಂದು ಅವನಿಗೆ ತರಗತಿಯಲ್ಲಿ ಹೇಳಿದ್ದವನು ನಾನೇ. ಹತ್ತು ಸಾವಿರ ರೂಪಾಯಿಯನ್ನು ಕೂಲಿಗಾರರಿಂದ ನೂರು ನೂರಾಗಿ ಕೂಡಿಸಿದ್ದ. ಹತ್ತು ಮಂದಿ ಸೂಚಕರ ರುಜುಗಳೂ ಆಗಿದ್ದುವು. ಮರುದಿನ ಬೆಳಗಾಗುವುದರೊಳಗೆ ಮೂವರು ಬಂದು, “ನಮ್ಮ ಹೆಸರು ಹೊಡೆದು ಹಾಕಪ್ಪಾ, ಕೆಲಸ ಹೋಗುತ್ತದೆ” ಎಂದರಂತೆ. ಹುಡುಗ ನನ್ನ ಬಳಿ ಓಡಿಬಂದ. ಇನ್ನು ಮೂವರನ್ನು ಹುಡುಕಲು ಒಂದು ದಿನದ ಅವಕಾಶವಿತ್ತು. ಊರಿನಲ್ಲಿ ನನ್ನ ಮಾತು ನಡೆಯುತ್ತದೆ. ಯಾರ ಮನೆಗೆ ಹೋಗಬಹುದೆಂದಾದರೂ ಹೇಳಬಹುದಾಗಿತ್ತು, ಧೈರ್ಯವನ್ನಾದರೂ ಹೇಳಬಹುದಾಗಿತ್ತು. ನಾನು ಹೇಳಿದ್ದು: “ಗೆಲ್ಲುವುದಂತೂ ಇಲ್ಲ. ಠೇವಣಿ ಏಕೆ ಕಳೆಯುತ್ತೀ? ಸುಮ್ಮನಿರಪ್ಪಾ.” ಅವನು ಸುಮ್ಮನಾದ. ಕೂಡಿಸಿದ ಹಣವನ್ನು ಮನೆಮನೆಗೂ ಹೋಗಿ ಮರಳಿ ಕೊಟ್ಟುಬಂದ.

ಆ ಸಲ ತಾಂಡೂರಿನಲ್ಲಿ ಗೆದ್ದವರಿಗೂ ಸೋತವರಿಗೂ ನಡುವಿನ ಅಂತರ 3 ಸಾವಿರ ಮತಗಳಿಗೂ ಕಡಮೆ. ಎಣಿಕೆಯ ದಿನ ಅದನ್ನು ಕೇಳಿ ನನಗೆ ರಾತ್ರಿ ನಿದ್ರೆ ಬರಲಿಲ್ಲ. ಆ ಹುಡುಗ ಗೆಲ್ಲುತ್ತಿದ್ದನೇ? ಇಲ್ಲ. ಆದರೆ ಗಡಿಯ ಕೆಲವು ಹಳ್ಳಿಗಳ ಮತ ಯಾರ ಕಿಸೆಯಲ್ಲಿಯೂ ಇಲ್ಲವೆಂಬುದು ಮೊದಲೇ ಗೊತ್ತಾಗಿದ್ದರೆ, ಅಷ್ಟು ಸಣ್ಣ ಅಂತರದ ಆ ಚುನಾವಣೆಯಲ್ಲಿ ದೊಡ್ಡ ಪಕ್ಷಗಳವರಿಬ್ಬರೂ ಧೂಳಿನ ಮಾತನ್ನು ಕೇಳಲು ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. “ಸಣ್ಣವನಿಗೆ ಮತ ಹಾಕಿದರೆ ಮತ ಒಡೆದು ಬೇಡವಾದವನು ಗೆಲ್ಲುತ್ತಾನೆ” ಎಂದು ಹೆದರಿಸುವವರಿಗೆ ನಾನು ಹೇಳುವುದು ಇದನ್ನೇ. ನಮ್ಮ ಮತ ಒಡೆದರೆ ತಮಗೆ ನಷ್ಟವೆಂದು ಅವರಿಗೆ ಗೊತ್ತಿದ್ದರೆ, ಅದು ಒಡೆಯದ ಹಾಗೆ ನೋಡಿಕೊಳ್ಳುವ ಹೊಣೆ ಅವರದು. ನಮ್ಮ ಬೇಡಿಕೆಯನ್ನು ನಡೆಸಿಕೊಡಲಿ. ಸಣ್ಣ ಉಮೇದುವಾರ ತಾನಾಗಿಯೇ ಮನೆಯಲ್ಲಿ ಕೂಡುತ್ತಾನೆ.

ಇದು ಬರಿಯ ತರ್ಕವಲ್ಲ. ನಿಜಾಮಾಬಾದಿನವರು ನಡೆಸಿ ತೋರಿಸಿದರು. 2019ರ ಏಪ್ರಿಲ್ 11ರಂದು ಆ ಲೋಕಸಭಾ ಕ್ಷೇತ್ರದಲ್ಲಿ 185 ಉಮೇದುವಾರರು. ಅವರಲ್ಲಿ 178 ಮಂದಿ ರೈತರು. ಅರಿಸಿನಕ್ಕೂ ಕೆಂಪು ಜೋಳಕ್ಕೂ ನ್ಯಾಯವಾದ ಬೆಲೆ ಬೇಕು, ಅರಿಸಿನ ಮಂಡಳಿಯೊಂದು ಬೇಕು ಎಂಬುದಷ್ಟೇ ಅವರ ಮಾತು. ಪ್ರತಿಯೊಂದು ಮತಗಟ್ಟೆಯಲ್ಲಿಯೂ 12 ಮತಯಂತ್ರಗಳನ್ನು ಸಾಲಾಗಿ ಜೋಡಿಸಬೇಕಾಯಿತು. ಅಲ್ಲಿ ಕೆಲಸ ಮಾಡಿದ ಉಪಾಧ್ಯಾಯ ಬಂಧುಗಳ ಅವಸ್ಥೆಯನ್ನು ನೆನೆದು ನನಗೆ ನಗುವೂ ಮರುಕವೂ ಒಟ್ಟಿಗೆ ಬಂದುವು! ಎಲ್ಲರೂ ಪೂರ್ಣ ಠೇವಣಿ ಕಟ್ಟಿದ್ದರೆಂದು ಲೆಕ್ಕ ಹಾಕಿದರೆ 178 ಮಂದಿಯ ಹಣ 44 ಲಕ್ಷ 50 ಸಾವಿರ ರೂಪಾಯಿ. ಅವರಲ್ಲಿ ಒಬ್ಬರೂ ಠೇವಣಿ ಉಳಿಸಿಕೊಳ್ಳಲಿಲ್ಲ. ಆದರೆ ಅಂದಿನ ಮುಖ್ಯಮಂತ್ರಿಗಳ ಪುತ್ರಿ, ಆಗ ಅಲ್ಲಿನ ಸಂಸತ್ಸದಸ್ಯೆಯಾಗಿದ್ದ ಕವಿತಾ ಅವರು ಸುಮಾರು 70 ಸಾವಿರ ಮತಗಳಿಂದ ಸೋತರು. ಗೆದ್ದ ಅರವಿಂದ್ ಅವರು ಅರಿಸಿನ ಮಂಡಳಿಯನ್ನು ತರುತ್ತೇನೆಂದು ಮುದ್ರಾಂಕದ ಕಾಗದದ ಮೇಲೆ ಬರೆದುಕೊಟ್ಟಿದ್ದವರು. ದೊಡ್ಡ ಪಕ್ಷದ ಉಮೇದುವಾರನೊಬ್ಬ ರೈತನಿಗೆ ಪತ್ರ ಬರೆದುಕೊಡುವುದು! ನನ್ನ ಜೀವಮಾನದಲ್ಲಿ ಇಂಥದನ್ನು ಅದೇ ಮೊದಲ ಸಲ ಕೇಳಿದ್ದು.

ಮಂಡಳಿ ಒಡನೆಯೇ ಬರಲಿಲ್ಲ. ರೈತರ ಕೆಲವರು ವಾರಾಣಸಿಯವರೆಗೂ ಹೋಗಿ ನಾಮಪತ್ರ ಸಲ್ಲಿಸಿದರು, ಬಹುಪಾಲು ತಿರಸ್ಕೃತವಾದುವು. ಕೊಟ್ಟ ಪತ್ರವನ್ನು ಜನ ವರ್ಷಗಟ್ಟಲೆ ನೆನಪಿಸುತ್ತ ಹೋದರು. 2023ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಅರಿಸಿನ ಮಂಡಳಿಯ ಆಜ್ಞೆ ಹೊರಟಿತು. 2025ರಲ್ಲಿ ನಿಜಾಮಾಬಾದಿನಲ್ಲಿಯೇ ಅದರ ಕೇಂದ್ರ ಕಚೇರಿ ತೆರೆಯಿತು. ಬೆಲೆಯ ಪ್ರಶ್ನೆ ಮಂಡಳಿಯೊಂದರಿಂದಲೇ ಬಗೆಹರಿಯುವುದಲ್ಲವೆಂಬುದು ನಿಜ. ಆದರೂ ಸೋತ 178 ಮಂದಿಯ ಬೇಡಿಕೆ ಗೆದ್ದವರ ಕೈಯಿಂದ ಈಡೇರಿತು.

ನಲ್ಗೊಂಡದ ಕಥೆ ಇಷ್ಟು ನೆಟ್ಟಗಿಲ್ಲ. ಕುಡಿಯುವ ನೀರು ಕ್ರಮೇಣ ಬಂದಿತು. ಅವರು ಬೇಡಿದ ಶ್ರೀಶೈಲ ಎಡದಂಡೆಯ ಸುರಂಗ ಕಾಲುವೆ ಮಾತ್ರ 29 ವರ್ಷಗಳಾದರೂ ಮುಗಿಯದೆ, 2025ರ ಫೆಬ್ರುವರಿಯಲ್ಲಿ ಸುರಂಗದ ಒಳಭಾಗ ಕುಸಿದು ಎಂಟು ಮಂದಿ ಸಿಕ್ಕಿಕೊಂಡರು. ಪ್ರತಿಭಟನೆಯ ಮತ ಮಂತ್ರದಂಡವೆಂದು ನಾನು ಹೇಳಿದರೆ ನೀವು ನಂಬಬೇಡಿ.

ನಮ್ಮವರೇ ನಡೆದ ದಾರಿಯೊಂದಿದೆ, ಅದನ್ನೂ ನೋಡಿ. ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ, 1957ರಲ್ಲಿ, ಮಂಜೇಶ್ವರದಿಂದ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಬಂದರು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿಯವರು 1960ರಲ್ಲಿಯೂ 1967ರಲ್ಲಿಯೂ ಪಕ್ಷದ ಬಲವಿಲ್ಲದೆ ಕನ್ನಡದ ಬಲದಿಂದ ಅಲ್ಲಿಯೇ ಗೆದ್ದರು. 1967ರಲ್ಲಿ ಕಾಸರಗೋಡು ಕ್ಷೇತ್ರವೂ ಯು. ಪಿ. ಕುಣಿಕುಳ್ಳಾಯರನ್ನು ಪಕ್ಷೇತರರಾಗಿಯೇ ಕಳುಹಿಸಿತು. ಅದೇ ವರ್ಷ ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರಿಗೆ ಸಲ್ಲತಕ್ಕದ್ದೆಂದು ಮಹಾಜನ ಆಯೋಗ ವರದಿ ಕೊಟ್ಟಿತು. ವರದಿ ಜಾರಿಗೆ ಬರಲಿಲ್ಲ, ಆ ನೋವು ಬೇರೆ. ಆದರೆ 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯನ್ನು ತೆರೆದು ನೋಡಿದರೆ, ತಮಿಳರೂ ಕನ್ನಡಿಗರೂ ತಮ್ಮ ನುಡಿಯಲ್ಲಿ ಸರ್ಕಾರದೊಡನೆ ವ್ಯವಹರಿಸಬಹುದೆಂದು ಅದರಲ್ಲಿ ಬರೆದಿದೆ. ಕನ್ನಡ ಎಂಬ ಶಬ್ದ ಆ ಕಾಯಿದೆಯೊಳಕ್ಕೆ ಗಾಳಿಯಲ್ಲಿ ತೇಲಿ ಬರಲಿಲ್ಲವೆಂದು ನಾನು ತಿಳಿದಿದ್ದೇನೆ. ಆ ಸಭೆಯಲ್ಲಿ ಆಗ ಕನ್ನಡದ ಹೆಸರಿನಲ್ಲಿ ಗೆದ್ದವರು ಕುಳಿತಿದ್ದರು. ತೆಲಂಗಾಣದಲ್ಲಿ ತೆಲುಗಿನ ಜೊತೆಗೆ 2017ರಲ್ಲಿ ಉರ್ದುವನ್ನು ಎರಡನೆಯ ಅಧಿಕೃತ ಭಾಷೆಯನ್ನಾಗಿ ಮಾಡಿದರು. 2018ರಲ್ಲಿ ಎಲ್ಲ ಶಾಲೆಗಳಲ್ಲಿಯೂ ತೆಲುಗನ್ನು ಕಡ್ಡಾಯಗೊಳಿಸಿದರು. ತೆಲುಗಿನ ಮೇಲೆ ನನಗೆ ಅಸೂಯೆಯಿಲ್ಲ. ನಮ್ಮ ಮುದುಕಿಯರು ಎರಡೂ ನುಡಿಗಳನ್ನು ಒಂದೇ ಉಸಿರಿನಲ್ಲಿ ಆಡುವವರು, ಅಕ್ಷರಗಳೂ ಅಕ್ಕತಂಗಿಯರು. ಉರ್ದು ಬಲ್ಲವರಿಗೆ ಮತಪೆಟ್ಟಿಗೆಯಲ್ಲಿ ಎಣಿಕೆಯಿದ್ದುದರಿಂದ ಕಾಯಿದೆಯಲ್ಲಿ ಸ್ಥಾನ ದೊರೆಯಿತು, ನಮ್ಮದನ್ನು ಈವರೆಗೆ ಯಾರೂ ಎಣಿಸಲಿಲ್ಲ ಎಂಬುದಷ್ಟೇ ನನ್ನ ಮಾತು.

“ಯಾರೂ ಬೇಡವೆಂಬ ಗುಂಡಿಯೇ ಇದೆಯಲ್ಲ, ಅದನ್ನು ಒತ್ತಿದರಾಯಿತು” ಎನ್ನುವ ತರುಣರು ಈಚೆಗೆ ಹೆಚ್ಚಿದ್ದಾರೆ. ಸರ್ವೋಚ್ಚ ನ್ಯಾಯಾಲಯದ 2013ರ ಸೆಪ್ಟೆಂಬರ್ 27ರ ತೀರ್ಪಿನಿಂದ ಬಂದ ನೋಟಾ ಒಳ್ಳೆಯ ಸವಲತ್ತು. ಸಿಟ್ಟಿನಲ್ಲಿ ಮನೆಯಲ್ಲಿ ಕೂಡುವುದಕ್ಕಿಂತ ಸಾವಿರ ಪಾಲು ಮೇಲು. 2019ರಲ್ಲಿ ಮಹಾರಾಷ್ಟ್ರದ ಲಾತೂರು ಗ್ರಾಮೀಣ ಕ್ಷೇತ್ರದಲ್ಲಿ 27 ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಒತ್ತಿದರು, ನೋಟಾ ಎರಡನೆಯ ಸ್ಥಾನಕ್ಕೆ ಬಂದಿತು. 2024ರಲ್ಲಿ ಇಂದೋರಿನಲ್ಲಿ ಪ್ರಮುಖ ವಿರೋಧ ಪಕ್ಷದ ಉಮೇದುವಾರನೇ ಕಣದಿಂದ ಹಿಂದೆ ಸರಿದಾಗ 2 ಲಕ್ಷ 18 ಸಾವಿರಕ್ಕೂ ಮಿಕ್ಕಿ ಮತದಾರರು ನೋಟಾ ಒತ್ತಿದರು. ಎರಡು ಕಡೆಯೂ ಗೆದ್ದವರು ಗೆದ್ದು ಹೋದರು. ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ನೋಟಾ ಎಷ್ಟೇ ಬಂದರೂ ಫಲಿತಾಂಶ ಬದಲಾಗದು; ಠೇವಣಿಯ ಲೆಕ್ಕದಲ್ಲಿಯೂ ಅದನ್ನು ಸಿಂಧು ಮತವೆಂದು ಎಣಿಸರು. ನೋಟಾ ಎಂಬುದು ವಿಳಾಸವಿಲ್ಲದ ಕಾಗದ. ಕೋಪವಿದೆಯೆಂದು ತಿಳಿಸುತ್ತದೆ, ಏತಕ್ಕೆ ಕೋಪವೆಂದು ತಿಳಿಸುವುದಿಲ್ಲ. ಧೂಳಿನ ಮಾತಾಡಿದವನಿಗೆ ಬಿದ್ದ ಎಂಟುನೂರು ಮತಗಳು ಧೂಳಿನ ಮತಗಳೆಂದು ಯಾರಾದರೂ ಓದಬಲ್ಲರು. ಮತಗಟ್ಟೆವಾರು ಲೆಕ್ಕವನ್ನು ಚುನಾವಣೆಯ ಬಳಿಕ ಪ್ರಕಟಿಸುತ್ತಾರೆ; ಯಾವ ಊರಿನಲ್ಲಿ ಎಷ್ಟು ಎಂಬುದನ್ನು ದೊಡ್ಡ ಪಕ್ಷಗಳವರು ಬೆರಳಿಟ್ಟು ಓದುತ್ತಾರೆ. ಯೋಗ್ಯನಾದ ಸಣ್ಣವನು ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ನೋಟಾ. ಇದ್ದರೆ ಅವನ ಹೆಸರಿನ ಮುಂದೆಯೇ ಒತ್ತಿರಿ.

ಯೋಗ್ಯನೋ ಅಲ್ಲವೋ ಎಂಬುದನ್ನು ನೀವೇ ಪರೀಕ್ಷಿಸಬೇಕು. ಸಣ್ಣವನೆಂಬ ಒಂದೇ ಕಾರಣಕ್ಕೆ ಯಾವನೂ ಸಾಧುವಾಗುವುದಿಲ್ಲ. ಕೊನೆಯ ಗಳಿಗೆಯಲ್ಲಿ ದೊಡ್ಡವರೊಡನೆ ಕೈಸೇರಿಸಿ ಹಿಂದೆ ಸರಿಯುವವರಿದ್ದಾರೆ, ಹಿಂದೆ ಸರಿಯುವ ಸಲುವಾಗಿಯೇ ನಿಲ್ಲುವವರೂ ಇದ್ದಾರೆ. ಊರ ಮುಂದೆ ನಿಲ್ಲಿಸಿ ಕೇಳಿ: ಹಿಂದೆ ಸರಿಯುವುದಿಲ್ಲವೆಂದು ಬರೆದುಕೊಡುತ್ತೀಯಾ? ಕೂಡಿಸಿದ ಹಣದ ಲೆಕ್ಕವನ್ನು ಚಾವಡಿಯಲ್ಲಿ ಓದುತ್ತೀಯಾ? ಚುನಾವಣೆಯ ವೆಚ್ಚದ ಲೆಕ್ಕವನ್ನು ಫಲಿತಾಂಶದಿಂದ 30 ದಿನಗಳ ಒಳಗೆ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹನಾಗಬಹುದೆಂಬುದನ್ನು ಅವನಿಗೆ ಮೊದಲೇ ತಿಳಿಸಿರಿ. ಸೋತ ಸಣ್ಣ ಉಮೇದುವಾರರು ಬೇಸರದಿಂದ ಇದನ್ನು ಮರೆತು ಕೆಡುತ್ತಾರೆ.

ಠೇವಣಿಯನ್ನು ಇಳಿಸಿ, ಅದರ ಬದಲಿಗೆ ಇನ್ನೂ ಹೆಚ್ಚು ಸೂಚಕರ ರುಜುಗಳನ್ನು ಬೇಕಾದರೆ ಕೇಳಲಿ ಎಂಬುದು ನನ್ನ ಅಭಿಪ್ರಾಯ. ಹಣವನ್ನು ಒಬ್ಬನೇ ತರಬಹುದು. ನೂರು ರುಜುಗಳಿಗೆ ನೂರು ಮನೆಗಳ ಹೊಸ್ತಿಲು ತುಳಿಯಬೇಕು. ಮತ ಪಡೆದುಕೊಂಡ ಪಾಲು ನೂರಕ್ಕೆ ಐದಾದರೆ ಹಣ ಮರಳಲಿ. ಪಟ್ಟಿಯ ಪ್ರತಿ ಎಲ್ಲರಿಗೂ ಪುಕ್ಕಟೆ ದೊರೆಯಲಿ. ಇದನ್ನು ಕಾಯಿದೆ ಮಾಡುವವರು ಮಾಡುವ ತನಕ ಕಾಯುತ್ತ ಕೂಡುವಂತಿಲ್ಲ. 2023ರ ಡಿಸೆಂಬರಿನಲ್ಲಿ ರಚಿತವಾದ ವಿಧಾನಸಭೆ ಪೂರ್ಣಾವಧಿ ನಡೆದರೆ ಮುಂದಿನ ಚುನಾವಣೆ 2028ರಲ್ಲಿ. ಪ್ರತಿಯೊಂದು ಹಳ್ಳಿಯಲ್ಲಿಯೂ ಹೆದರದ ಹತ್ತು ಮಂದಿಯ ಹೆಸರನ್ನು, ಮತದಾರರ ಪಟ್ಟಿಯ ಭಾಗ ಮತ್ತು ಕ್ರಮಸಂಖ್ಯೆ ಸಹಿತ, ಈಗಲೇ ಬರೆದಿಟ್ಟುಕೊಳ್ಳಿ. ಹತ್ತಲ್ಲ, ಹದಿನೈದು ಇರಲಿ. ರಾತ್ರಿ ಕಳೆಯುವುದರೊಳಗೆ ಮೂವರು ಕಡಮೆಯಾಗುತ್ತಾರೆಂಬುದನ್ನು ನಾನು ಕಂಡಿದ್ದೇನೆ. ಮತಗಟ್ಟೆಯಲ್ಲಿ ಸಂಜೆಯವರೆಗೆ ಕುಳಿತು 17ಸಿ ಪ್ರತಿಯನ್ನು ಕೇಳಿ ಪಡೆಯುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಿದ್ಧಮಾಡಿರಿ.

ಸರ್ಕಾರಿ ನೌಕರನಾದವನು ಸೂಚಕನಾಗಿ ರುಜು ಹಾಕುವಂತಿಲ್ಲ. 2028ರ ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ. ಕಳೆದ ಯುಗಾದಿಯ ಮರುದಿನ ಆ ಹಳೆಯ ವಿದ್ಯಾರ್ಥಿಯ ಮನೆಗೆ ಹೋಗಿದ್ದೆ. ಈಗ ಅವನಿಗೆ ಇಬ್ಬರು ಮಕ್ಕಳು, ಜೊತೆಗೆ ಬಿಡದ ಕೆಮ್ಮು. 2018ರ ನಾಮಪತ್ರವನ್ನು ಇಟ್ಟಿದ್ದೀಯೇನಪ್ಪಾ ಎಂದು ಕೇಳಿದೆ. ಪೆಟ್ಟಿಗೆಯಿಂದ ತೆಗೆದು ಕೊಟ್ಟ. ಹತ್ತು ಸಾಲುಗಳಲ್ಲಿ ಮೂರನ್ನು ಗೀಟು ಹಾಕಿ ಹೊಡೆದಿತ್ತು. ಹೊಸ ನಾಮಪತ್ರ ಬರೆಯುವಾಗ ಹತ್ತನೆಯ ಸಾಲನ್ನು ನನಗಾಗಿ ಬಿಡು ಎಂದು ಹೇಳಿ ಬಂದಿದ್ದೇನೆ.